ವೋಲ್ಟರ್ ಬರೆದ ಚೀಟಿ

ವೋಲ್ಟರ್ ಡೈಕೆಮಾನ ಬಾಯಿ ದೊಡ್ಡದು ಎನ್ನುವುದು ಲೊಪ್ಪರ್ಸುಮ್ ಊರಿಗೆಲ್ಲ ಗೊತ್ತು. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಕರೆಂಟಿನ ಕೆಲಸ ಮಾಡಿ ನಿವೃತ್ತನಾದವನು. ಕಂಪನಿಯವರು ನೆಲದಡಿಯ ಗ್ಯಾಸು ತೆಗೆದು ತೆಗೆದು ಭೂಮಿ ನಡುಗಿ ಮನೆಗೋಡೆಗಳು ಸೀಳಿದಾಗ, ಪಂಜಿನ ಮೆರವಣಿಗೆಯಲ್ಲಿ ಮೈಕು ಹಿಡಿದು ಕೂಗಿದವನು. ಪರಿಹಾರ ಲೆಕ್ಕಹಾಕಲು ಬಿರುಕು ಅಳೆಯಲು ಬಂದ ತಪಾಸಣೆಯವನೊಬ್ಬ ಅವನ ಅಡುಗೆಮನೆಯಲ್ಲಿ ನಿಂತು, "ಇದು ಹಳೇದು, ಮೊದಲೇ ಇತ್ತು" ಎಂದಾಗ ವೋಲ್ಟರ್ ಅವನ ಕೈಯಿಂದ ಅಳತೆಯ ಟೇಪು ಕಿತ್ತು ಕಾಲುವೆಗೆ ಎಸೆದಿದ್ದ. ಆ ಕತೆಯನ್ನು ನೂರು ಸಲ ಹೇಳಿದ್ದಾನೆ. ಹೇಳಿದಾಗಲೆಲ್ಲ ಟೇಪು ಇನ್ನಷ್ಟು ದೂರ ಹೋಗಿ ಬೀಳುತ್ತಿತ್ತು.

ಈಗ ಶನಿವಾರ ಶನಿವಾರ ಊರಿನ ಸಭಾಭವನದಲ್ಲಿ ಅವನದೊಂದು ರಿಪೇರಿ ಮೇಜು. ಪುಕ್ಕಟೆ ಸೇವೆ. ಒಂದೇ ಕಟ್ಟಳೆ: ಸಾಮಾನು ತಂದವರು ಪಕ್ಕದಲ್ಲೇ ಕೂತು, ಬಿಚ್ಚುವುದನ್ನು ಕಣ್ಣಾರೆ ನೋಡಬೇಕು. ಅದನ್ನು ಬರೆದು ಗೋಡೆಗೆ ಅಂಟಿಸಿದವನೂ ವೋಲ್ಟರನೇ.

ನವೆಂಬರಿನ ಒಂದು ಶನಿವಾರ ಹಿಲ್ಕಾ ತನ್ನ ಕಂಪ್ಯೂಟರನ್ನು ತರಕಾರಿ ತರುವ ತಳ್ಳುಬುಟ್ಟಿಯಲ್ಲಿಟ್ಟು ಎಳೆದು ತಂದಳು. ಎಪ್ಪತ್ತೆಂಟರ ಮುದುಕಿ, ಅವನ ಬೀದಿಯವಳೇ. ಬೀದಿಯ ಹದಿನಾಲ್ಕು ಮನೆಗಳ ಬಿರುಕಿನ ಫೋಟೊಗಳೆಲ್ಲ ಆ ಪೆಟ್ಟಿಗೆಯಲ್ಲಿದ್ದವು. ಎಲ್ಲರ ಪರವಾಗಿ ಅವಳು ತುಂಬುತ್ತಿದ್ದ ಪರಿಹಾರದ ಅರ್ಜಿ ಗುರುವಾರದೊಳಗೆ ಹೋಗಬೇಕಿತ್ತು.

"ಹತ್ತು ನಿಮಿಷಕ್ಕೆ ಬುಸುಗುಟ್ಟಿ ಬುಸುಗುಟ್ಟಿ ಆರಿಹೋಗ್ತದೆ ಕಣೋ. ಒಂದು ಮನೆ ಫೋಟೊ ಹಾಕೋದ್ರೊಳಗೆ ಎರಡು ಸಲ ಸಾಯ್ತದೆ."

"ಕಾವು ಏರ್ತಿದೆ ಅಕ್ಕ. ಪ್ರೊಸೆಸರ್ ಮೇಲಿನ ಪೇಸ್ಟು ಒಣಗಿರ್ತದೆ. ಅದನ್ನ ಒರೆಸಿ, ಹೊಸದು ಹಚ್ಚಿ, ಹೀಟ್‌ಸಿಂಕ್ ಬದಲಾಯಿಸಿದ್ರೆ ಮುಗೀತು. ಕಾಲು ಗಂಟೆ ಕೆಲಸ."

ಹಿಂದೆ ಸಾಲು ಉದ್ದವಿತ್ತು. ಭವನದ ಉಸ್ತುವಾರಿ ಬೆರೆಂಡ್ ದೂರದಿಂದಲೇ ಕೆಣಕಿದ: "ಏನಯ್ಯಾ ವೋಲ್ಟರ್, ಭಾಷಣ ಬಿಗಿದಷ್ಟು ಬೇಗ ಸ್ಕ್ರೂ ಬಿಚ್ಚೋಕೆ ಬರಲ್ವಾ?"

ಅದು ಚುಚ್ಚಿತು. "ಅಕ್ಕ, ನೀವು ಹೋಗಿ ಕಾಫಿ ಕುಡ್ಕೊಂಡು ಬನ್ನಿ" ಎಂದು ಹಿಲ್ಕಾಳನ್ನು ಎಬ್ಬಿಸಿ ಕಳಿಸಿದ.

ಒಣಗಿದ ಪೇಸ್ಟು ಸಿಮೆಂಟಿದ್ದ ಹಾಗೆ. ಪ್ರೊಸೆಸರಿನ ಕಾವು ಹೀರುವ, ಹೀಟ್‌ಸಿಂಕ್ ಎನ್ನುವ ಆ ಅಲ್ಯೂಮಿನಿಯಂ ಗಟ್ಟಿಯನ್ನು ತಣ್ಣಗಿದ್ದಾಗ ಎಳೆಯಬಾರದು. ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ, ಬೆಚ್ಚಗಾದ ಮೇಲೆ ಆರಿಸಿ, ಅತ್ತಿತ್ತ ಮೆಲ್ಲಗೆ ತಿರುಚಿ ಬಿಡಿಸಬೇಕು. ಇದು ವೋಲ್ಟರನೇ ನಾಲ್ಕು ಜನಕ್ಕೆ ಕಲಿಸಿದ ಪಾಠ. ಅವತ್ತು ಅಷ್ಟು ತಾಳ್ಮೆ ಇರಲಿಲ್ಲ. ಎಳೆದ, ಬರಲಿಲ್ಲ. ದಮ್ಮು ಕಟ್ಟಿ ಎಳೆದ. ಪಟ್ಟನೆ ಬಂತು, ಪ್ರೊಸೆಸರನ್ನೂ ದವಡೆ ಹಲ್ಲಿನಂತೆ ಬುಡಸಮೇತ ಕಿತ್ತುಕೊಂಡು. ಅದರ ತಳದ ಕೂದಲೆಳೆಯಂಥ ಪಿನ್ನುಗಳಲ್ಲಿ ಒಂದು ಸಾಲು ಅಡ್ಡ ಮಲಗಿತ್ತು. ಮೂರು ಮುರಿದು ಮೇಜಿನ ಮೇಲೆ ಉದುರಿದವು.

ಹಿಲ್ಕಾ ಕಾಫಿಯ ಜೊತೆ ಅವನಿಗೆಂದು ಒಂದು ತುಂಡು ಮಸಾಲೆ ಕೇಕನ್ನೂ ಹಿಡಿದು ಬಂದಳು.

"ಏನಾಯ್ತೋ?"

"ಇದು ಮೊದಲೇ ಹೋಗಿತ್ತು ಅಕ್ಕ. ಕಾವಿಗೆ ಸುಟ್ಟು ಕೂತಿದೆ."

"ಮೊದಲೇ?"

"ಮೊದಲೇ."

ಅವಳು ರಿಪೇರಿಯ ಚೀಟಿ ಕೇಳಿದಳು. 'ಪ್ರೊಸೆಸರ್ ತರುವ ಮೊದಲೇ ಕೆಟ್ಟಿತ್ತು' ಎಂದು ಬರೆದು ರುಜು ಹಾಕಿಕೊಟ್ಟ. ಮಡಚಿ ಕೋಟಿನ ಜೇಬಿಗಿಟ್ಟು, ಪೆಟ್ಟಿಗೆ ಎಳೆದುಕೊಂಡು ಹೊರಟಳು. ವೋಲ್ಟರ್ ಕೇಕು ತಿಂದ. ಆಮೇಲೆ ನೆನೆದಾಗ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಆ ತಿಂದದ್ದೇ.

ಭಾನುವಾರವೆಲ್ಲ ಅಡುಗೆಮನೆಯಲ್ಲಿ ಕೂತಿದ್ದ. ಎದುರಿಗೆ ಮರದ ತೊಲೆಯ ಆಸರೆ ಕೊಟ್ಟ ಗೋಡೆ, ಅದರಲ್ಲಿ ಆ ಬಿರುಕು. ತಪಾಸಣೆಯವನ ಮುಖ ಮರೆತುಹೋಗಿತ್ತು. ದನಿ ಮಾತ್ರ ಕೇಳಿಸುತ್ತಿತ್ತು, ಅದೂ ವೋಲ್ಟರನ ಗಂಟಲಲ್ಲೇ. ಫೋಟೊಗಳಿರುವುದು ಡಿಸ್ಕಿನಲ್ಲಿ, ಅದಕ್ಕೇನೂ ಆಗಿಲ್ಲ ಎಂದು ಹೇಳುವಷ್ಟು ಸಹ ಬಾಯಿ ಬಂದಿರಲಿಲ್ಲ. ಎಲ್ಲ ಹೋಯಿತೆಂದು ಮುದುಕಿ ಕೊರಗುತ್ತಿರಬೇಕು.

ಅವನದೂ ಅವಳದೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಒಂದೇ ಮಾದರಿಯ ಪೆಟ್ಟಿಗೆಗಳು. ಸೋಮವಾರ ಬೆಳಿಗ್ಗೆ ತನ್ನದನ್ನು ಓಡಿಸಿ, ಬೆಚ್ಚಗಾದ ಮೇಲೆ ಆರಿಸಿ, ಹೀಟ್‌ಸಿಂಕನ್ನು ತಿರುಚಿ ಬಿಡಿಸಿದ. ಬೆಣ್ಣೆಯಂತೆ ಬಂತು. ಅಷ್ಟು ಸಲೀಸಾಗಿ ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ತನ್ನ ಪ್ರೊಸೆಸರ್, ಹೊಸ ಹೀಟ್‌ಸಿಂಕ್, ಪೇಸ್ಟಿನ ಟ್ಯೂಬು ಹಿಡಿದು ಹಿಲ್ಕಾಳ ಬಾಗಿಲು ತಟ್ಟಿದ.

"ಅಕ್ಕ, ಅದು ಮೊದಲೇ ಹೋಗಿರ್ಲಿಲ್ಲ. ನಾನೇ ಕಿತ್ತು ಹಾಳು ಮಾಡ್ದೆ."

"ಗೊತ್ತು. ಶನಿವಾರ ಬೆಳಿಗ್ಗೆ ತಾನೇ ಏಳನೇ ಮನೆ ಫೋಟೊ ಹಾಕಿದ್ದೆ. ಸತ್ತಿದ್ದು ಫೋಟೊ ಹಾಕ್ತದೇನೋ?"

"ಮತ್ತೆ ಅಲ್ಲೇ ಯಾಕೆ ಕೇಳ್ಲಿಲ್ಲ?"

"ನಾನ್ಯಾಕೆ ಕೇಳ್ಲಿ? ಆ ತಪಾಸಣೆಯವನಿಗಾದ್ರೂ ಹಂಗನ್ನೋಕೆ ಸಂಬಳ ಕೊಡ್ತಾರೆ. ನಿನಗ್ಯಾರು ಕೊಟ್ರೋ?"

ಹಿಲ್ಕಾ ಕುರ್ಚಿ ಎಳೆದು ಅವನ ಮಗ್ಗುಲಲ್ಲೇ ಕೂತಳು. "ಬಿಚ್ಚು. ಈ ಸಲ ಕಾಫಿಗೆ ಕಳಿಸ್ಬೇಡ."

ಬಿಚ್ಚಿದ. ಪ್ರೊಸೆಸರನ್ನು ಅದರ ಗೂಡಿನಲ್ಲಿ ಕೂರಿಸಿ, ಬಟಾಣಿಯಷ್ಟು ಪೇಸ್ಟು ಇಟ್ಟ. ಹೀಟ್‌ಸಿಂಕ್ ತಳದ ಪ್ಲಾಸ್ಟಿಕ್ ಪದರವನ್ನು ಅವಳಿಗೆ ತೋರಿಸಿಯೇ ಸುಲಿದ. ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದ. ಅರ್ಧ ಗಂಟೆ ಓಡಿದರೂ ಯಂತ್ರ ಬುಸುಗುಟ್ಟಲಿಲ್ಲ.

ಪಕ್ಕದಲ್ಲಿ ಅವಳ ಕಡತ ತೆರೆದಿತ್ತು. ತಪಾಸಣೆಯ ಹದಿನಾಲ್ಕು ಪತ್ರಗಳು, ಎಲ್ಲದರಲ್ಲೂ 'ಮೊದಲೇ ಇತ್ತು'. ಎಲ್ಲಕ್ಕಿಂತ ಮೇಲೆ ಅವನ ಚೀಟಿ.

"ಅಕ್ಕ, ಅದೊಂದನ್ನ ಹರಿದುಬಿಡಿ."

"ಇಂಥ ಮಾತಿರೋ ಕಾಗದ ಒಂದನ್ನೂ ನಾನು ಹರಿದಿಲ್ಲ" ಎಂದು ಪೆನ್ನು ತಳ್ಳಿದಳು. "ಬೇಕಾದ್ರೆ ಕೆಳಗೆ ನಿಜ ಬರಿ."

'ಕೆಡಿಸಿದವನು ನಾನು' ಎಂದು ಬರೆದ. ಅವಳು ಓದಿ, ಚೀಟಿಯನ್ನು ಇದ್ದ ಜಾಗದಲ್ಲೇ ಇಟ್ಟಳು. ಕಾಫಿ ಕೊಟ್ಟಳು. ಕೇಕು ಕೊಡಲಿಲ್ಲ.

ಪರದೆಯ ಮೇಲೆ ಎಂಟನೇ ಮನೆ ತೆರೆದುಕೊಂಡಿತು. ವೋಲ್ಟರನ ಅಡುಗೆಮನೆ, ಅದೇ ಗೋಡೆ.

"ನಿಂದೇ. ತಪಾಸಣೆಯವನು ಏನಂದ ಅಂತ ಇಲ್ಲಿ ತುಂಬ್ಬೇಕು" ಎಂದು ಹಿಲ್ಕಾ ಕೀಲಿಗಳ ಮೇಲೆ ಬೆರಳಿಟ್ಟು ಕಾದಳು. "ಹೇಳು."

ವೋಲ್ಟರ್ ನೆಲ ನೋಡುತ್ತ, "ಹಳೇದು, ಮೊದಲೇ ಇತ್ತು" ಎಂದು ಮೂರೇ ಮಾತಿನಲ್ಲಿ ಹೇಳಿದ. ಟೇಪಿನ ಸುದ್ದಿ ಎತ್ತಲಿಲ್ಲ.