ಗವರ್ನರನ ಹಡಗಿಗೆ ಆಯುಧಪೂಜೆ

ಪಾಂಡಿಚೇರಿಯನ್ನು ಆಳಿದ ಒಬ್ಬ ಗವರ್ನರನ ಹೆಸರನ್ನು ಫ್ರೆಂಚ್ ನೌಕಾಪಡೆ ಒಂದಾದ ಮೇಲೊಂದು ಹಡಗಿಗೆ ಇಟ್ಟಿತಂತೆ. ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿರುವ ನನ್ನ ತಮ್ಮ ಆ ಹಡಗುಗಳ ಪುಟ್ಟ ಮಾದರಿಗಳನ್ನು ಮರದಲ್ಲಿ ಮಾಡುತ್ತಾನೆ. ಹೈಸ್ಕೂಲು ಕಾಣದ ನನಗೆ ಇದನ್ನೆಲ್ಲ ಹೇಳಿದವನೂ ಅವನೇ.

ಮನೆ ಬದಲಿಸುವಾಗ ಅವುಗಳನ್ನು ಸಿಡ್ನಿಯ ಸ್ಕೋಫೀಲ್ಡ್ಸ್‌ನ ನಮ್ಮ ಮನೆಯಲ್ಲಿ ಇಟ್ಟುಹೋಗಿದ್ದ. ಆಯುಧಪೂಜೆಯ ದಿನ ಕಾರಿಗೆ ಪೂಜೆ ಮಾಡಿದವಳು, ಹಡಗೂ ವಾಹನವೇ ಅಲ್ಲವೇ ಎಂದುಕೊಂಡು, ಅವುಗಳಲ್ಲಿದ್ದ ಹಾಯಿಹಡಗಿನ ಬಿಳಿ ಮೂತಿಗೂ ಅರಿಶಿನ ಕುಂಕುಮ ಕಲಸಿ ಹಚ್ಚಿದೆ. ಕಲೆ ಹೋಗಲೇ ಇಲ್ಲ. ಹಡಗುಗಳನ್ನು ಒಯ್ಯಲು ಬಂದ ಅವನು ಅದೇನೆಂದು ಕೇಳಿದಾಗ, "ನೀನು ಹೊಡೆದ ಬಣ್ಣಾನೇ ಸರಿಯಿಲ್ಲವೇನೋ" ಎಂದುಬಿಟ್ಟೆ. ಅವನು ನಂಬಿದ. ತನ್ನ ಕೈಗುಣವೇ ಕೆಟ್ಟಿತೆಂದು, ಅದೇ ಹೆಸರಿನ ಮತ್ತೊಂದು ಹಡಗನ್ನು ಅರ್ಧಕ್ಕೇ ನಿಲ್ಲಿಸಿದ.

ಅದು ತಿಳಿದ ಮೇಲೆ ಫೋನಿನಲ್ಲಿ ಹೇಳಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಮೆಲ್ಬರ್ನ್‌ಗೆ ಹೋಗಿ, ಎದುರಿಗೇ ಕೂತು ಹೇಳಿದೆ.

ಅವನು ಕಲೆಯಾದ ಹಡಗನ್ನು ಕೈಗೆತ್ತಿಕೊಂಡು ನೋಡಿದ. ಆಮೇಲೆ, "ನಿಂಬೆಹಣ್ಣೂ ಇಟ್ಯೇನಕ್ಕಾ?" ಎಂದ.

"ಇಟ್ಟೆ ಕಣೋ."

"ಚಕ್ರಾನೇ ಇಲ್ವಲ್ಲೇ, ಯಾವುದರ ಕೆಳಗಿಟ್ಟೆ?"

ನನಗೆ ನಗು ಬಂತು, ಆದರೆ ಅವನ ಮುಖ ಸಡಿಲವಾಗಲಿಲ್ಲ. "ಇಷ್ಟು ದಿನ ನನ್ನ ಕೈನೇ ಬೈಕೊಂಡಿದ್ನಲ್ಲಕ್ಕಾ" ಎಂದ.

"ಆ ಅರ್ಧ ಹಡಗು ತಗೊಂಡು ಬಾ. ಅದು ಮುಗಿಯೋವರೆಗೂ ನಾನು ಸಿಡ್ನಿಗೆ ಹೋಗಲ್ಲ" ಎಂದೆ.

ಅವನು ಹಡಗು ತಂದ. ಮರ ನುಣುಪು ಮಾಡುವ ಉಪ್ಪುಕಾಗದವನ್ನು ನನ್ನ ಕೈಗೆ ಕೊಟ್ಟು, "ನಿಧಾನವಾಗಿ ಉಜ್ಜು" ಎಂದ.