ಬುಟ್ಟಿ ಇಳಿಸಿದ ಶಾಂತವ್ವ

ಮೊನ್ನೆ ನನ್ನ ಸ್ಟುಡಿಯೋದ ಪಕ್ಕದ ಮನೆಯವರು ಏನೋ ಶಾಂತಿ ಮಾಡಿಸಿ ಮೆಟ್ಟಿಲಿಗೆಲ್ಲ ಗೋಮೂತ್ರ ಚಿಮುಕಿಸಿದರು. ಬಿಸಿಲೇರಿದಂತೆ ಆ ಗಬ್ಬು ವಾಸನೆ ಒಳಗೆ ಬಂತು. ಮುನವಳ್ಳಿಯ ನಮ್ಮ ಮನೆ ನೆನಪಾಯಿತು. ಪ್ರತಿ ಮಂಗಳವಾರ ಸವದತ್ತಿಯಿಂದ ಶಾಂತವ್ವ ಬರುತ್ತಿದ್ದಳು. ಗಂಡಾಗಿ ಹುಟ್ಟಿ, ಎಲ್ಲಮ್ಮನ ಹೆಸರಿನಲ್ಲಿ ಸೀರೆ ಉಟ್ಟ ಜೋಗಪ್ಪ ಆಕೆ. ತಲೆಯ ಮೇಲೆ ದೇವಿಯ ಬುಟ್ಟಿ, ಹಣೆ ತುಂಬ ಭಂಡಾರದ ಅರಿಸಿನ, ನಕ್ಕರೆ ಎಲೆಯಡಿಕೆಯ ಕೆಂಪು ಹಲ್ಲು. ಅಜ್ಜಿ ಆಕೆಯ ಕಾಲಿಗೆ ಬಿದ್ದು, ಮೊರದ ತುಂಬ ಜೋಳ ನೀಡಿ, ನನ್ನಿಂದಲೂ ನಮಸ್ಕಾರ ಮಾಡಿಸುತ್ತಿದ್ದಳು. ಆಕೆ ಓಣಿಯ ಮೂಲೆ ತಿರುಗಿದ್ದೇ ತಡ, ಅದೇ ಅಜ್ಜಿ ಆಕೆ ನಿಂತ ಕಟ್ಟೆಗೆ ಗೋಮೂತ್ರ ಹಾಕಿ ತಿಕ್ಕುತ್ತಿದ್ದಳು. ಕಟ್ಟೆ ತೊಳೆಯುವುದೇ ಹಾಗೆ ಎಂದು ನಾನು ತಿಳಿದಿದ್ದೆ.

ಸಾಲಿ ಮುಗಿಯುವ ವರ್ಷ, ಹುಡುಗನಾದ ನನಗೆ ಹುಡುಗರ ಮೇಲೆಯೇ ಮನಸ್ಸಾಗುತ್ತದೆಂದು ಅಕ್ಕನ ಮುಂದೆ ಹೇಳಿಕೊಂಡದ್ದು ಕಾಕಾನ ಕಿವಿಗೆ ಬಿತ್ತು. ಹೊರಗೆ ಹಾಕಿಯೇ ತೀರುತ್ತೇನೆಂದು ಅವನು ನಿಂತ. ಅಜ್ಜಿ ಅಡ್ಡ ಬಂದಳು. ಆಮೇಲೆ ನನ್ನನ್ನು ಬಚ್ಚಲಲ್ಲಿ ಕೂಡಿಸಿ, ತಲೆಯ ಮೇಲೆ ಅದೇ ಗೋಮೂತ್ರ ಸುರಿದು, ಅಂಗೈಯಲ್ಲಿ ಹಿಡಿದು ಕುಡಿಸಿದಳು. ಕುಡಿಸುತ್ತ ತಾನೂ ಅಳುತ್ತಿದ್ದಳು. ಹಾಗಾದರೆ ಶಾಂತವ್ವನ ಕಾಲು ಯಾಕೆ ಹಿಡಿಯುತ್ತೀ ಎಂದು ಕೇಳಿದೆ.

“ದೇವರು ಮುಟ್ಟಿದ್ದು ಬಾಗಲದಾಗ ಇದ್ರ ಚೊಲೊ, ನನ್ನಪ್ಪ. ಮನ್ಯಾಗ ಬ್ಯಾಡ,” ಅಂದಳು. ಸಂಜೆ ಅದೇ ಕೈಯಿಂದ ತುಪ್ಪ ಹಾಕಿ ಅನ್ನ ಕಲಸಿ ಉಣಿಸಿದಳು. ನಾನೂ ಉಂಡೆ.

ಬೆಳಗಾವಿಗೆ ಹೋಗಿ ಮದುವೆ ಫೋಟೋ ತೆಗೆಯುವವರ ಕೈಕೆಳಗೆ ಕೆಲಸ ಕಲಿತ ಮೇಲೆ, ಸ್ವಂತ ಕ್ಯಾಮೆರಾ ಹಿಡಿದು ಮೊದಲು ಹೋದದ್ದು ಶಾಂತವ್ವನ ಮನೆಗೆ. ಮುದುಕಿಯಾಗಿದ್ದಳು. ಕ್ಯಾಮೆರಾ ಎತ್ತಿದೊಡನೆ ತಡೆದಳು.

“ಎಲ್ಲಾರೂ ದೇವೀನ ತಗದು ಹೋಗ್ತಾರ. ತಡಿ, ಬುಟ್ಟಿ ಇಳಸ್ತೇನಿ. ನನ್ನ ತಗಿ.”

ಬುಟ್ಟಿ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದಿತ್ತು. ಅದನ್ನು ಮುಚ್ಚಿಕೊಳ್ಳದೆ ನನ್ನನ್ನೇ ನೆಟ್ಟಗೆ ನೋಡಿದಳು. ನಾನು ತೆಗೆದ ಮೊದಲ ನಿಜವಾದ ಫೋಟೋ ಅದು. ಅಂದಿನಿಂದ ನನ್ನಂಥವರನ್ನೇ ತೆಗೆಯುತ್ತೇನೆ, ದೇವರನ್ನು ಬದಿಗಿಟ್ಟು. ನನ್ನ ಫೋಟೋ ಪ್ರದರ್ಶನಕ್ಕೆ ಬಂದವರು ಶಾಂತವ್ವನ ಚಿತ್ರದ ಮುಂದೆ ನಿಂತು, ಎಂಥ ದೈವೀ ಕಳೆ ಎಂದು ಕೈ ಮುಗಿಯುತ್ತಾರೆ. ನನಗೆ ವಾಕರಿಕೆ ಬರುತ್ತದೆ.

ಅಜ್ಜಿ ತೀರಿಕೊಂಡಾಗ ಕಾಕಾ ನನಗೆ ಹೇಳಿ ಕಳಿಸಲಿಲ್ಲ. ಮನೆ ಕೆಡವಿ ಅಂಗಡಿ ಸಾಲು ಕಟ್ಟಿಸಿದ. ಒಮ್ಮೆ ಹೋಗಿ ನೋಡಿದೆ, ಶಟರ್‌ಗಳೆಲ್ಲ ಮುಚ್ಚಿದ್ದವು. ಅಂಥ ಮನೆ ಹೋದದ್ದೇ ಒಳ್ಳೆಯದಾಯಿತು ಎಂದುಕೊಂಡು ಬಸ್ಸು ಹತ್ತಿದವನು ಯರಗಟ್ಟಿ ದಾಟುವವರೆಗೂ ಅತ್ತೆ. ಎಲ್ಲಕ್ಕಿಂತ ಹೆಚ್ಚು ನನಗೆ ಹೇಸಿಗೆಯಾಗುವುದು ಆ ಮನೆಗಾಗಿ ಅತ್ತ ಅಳುವಿನ ಮೇಲೆ. ಅದು ಇನ್ನೂ ನಿಂತಿಲ್ಲ.