ಹನ್ನೂರಿಗೆ ಹೋದ ಬಾಟಲಿ

ಕಳೆದ ತಿಂಗಳು ಅಕ್ಕಲಕೋಟೆಯಲ್ಲಿ ನಮ್ಮ ಅಕ್ಕ ತೀರ ಸಹಜವಾಗಿ ಒಂದು ಮಾತು ಹೇಳಿದಳು. "ಆ ಮೂಲ್ಯಾಗಿನ ಬಾಟ್ಲಿ ಏನು? ಅದನ್ನ ಹನ್ನೂರಿನ ಬಾಣಂತಿಗೆ ಕೊಟ್ಟೀನಲ್ಲೋ."

ನನ್ನ ಅಂಗಿ ಬೆನ್ನಿಗೆ ಅಂಟಿತು. ಯಾಕೆಂದರೆ ಆ ಬಾಟಲಿಯಲ್ಲಿದ್ದದ್ದು ಔಷಧವಲ್ಲ. ಬೀರ್!

ತಡೆಯಿರಿ, ಪೇಪರ್ ಮಡಚಬೇಡಿ. ಮೊದಲಿನಿಂದ ಹೇಳುತ್ತೇನೆ.

ನಾನು ಸೋಲಾಪುರದಲ್ಲಿ ಗುಮಾಸ್ತ ಎನ್ನುವುದು ಈ ಅಂಕಣ ಓದುವ ನಿಮಗೆ ಗೊತ್ತು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ನಾವು ಮೂವರು ಗೆಳೆಯರು ಪರ್ಮಿಟ್ ರೂಮಿನಲ್ಲಿ ಸೇರುತ್ತೇವೆ ಎನ್ನುವುದು ಗೊತ್ತಿರಲಿಕ್ಕಿಲ್ಲ. (ಗಡಿಯಾಚೆಯ ನಮ್ಮ ರಾಜ್ಯದಲ್ಲಿ ಕುಡಿಯಲಿಕ್ಕೂ ಸರ್ಕಾರದ ಪರವಾನಗಿ ಬೇಕು. ಆರೋಗ್ಯ ಕಾಪಾಡಿಕೊಳ್ಳುವ ಸಲುವಾಗಿ ಎಂದೇ ಅದರಲ್ಲಿ ಬರೆದಿರುತ್ತದೆ. ಹೆಂಡತಿಗೆ ತೋರಿಸಿದೆ. ಅವಳು ನಂಬಲಿಲ್ಲ.)

ನಾವು ಕುಡಿಯುವುದು ಕಡಿಮೆ, ವಾದಿಸುವುದು ಜಾಸ್ತಿ. ದತ್ತು ವಿಮೆಯ ಕೆಲಸದವನು, ಬೀರಿನ ಲೇಬಲ್ ಸಂಗ್ರಹಿಸುವ ಹುಚ್ಚ. ಅವನ ಆಲ್ಬಮಿನಲ್ಲಿ ಮದುವೆಯ ಫೋಟೋಗಳಿಗಿಂತ ಲೇಬಲ್ಲುಗಳೇ ನೀಟಾಗಿವೆ. ಕಾಂಬಳೆ ದಿನಾ ಕುಂಭಾರಿಯಿಂದ ಬಸ್ಸಿಗೆ ಬಂದು ಗಿರಣಿಯ ಬಣ್ಣ ಹಾಕುವ ವಿಭಾಗದಲ್ಲಿ ದುಡಿಯುವವನು. ಯಾವುದನ್ನೂ ಸುಲಭಕ್ಕೆ ನಂಬುವ ಆಸಾಮಿಯಲ್ಲ.

ಕಾಂಬಳೆಯ ಚಿಕ್ಕಪ್ಪನ ಮಗ ಹಡಗಿನಲ್ಲಿ ಅಡುಗೆಯವನು. ಅವನು ಅಮೆರಿಕದ ಯಾವುದೋ ಬಂದರಿನಿಂದ ಒಂದು ದೊಡ್ಡ ಬಾಟಲಿ ತಂದುಕೊಟ್ಟ. ಸ್ಟೌಟ್ ಅಂತೆ. ಹುರಿದ ಜವೆಗೋಧಿಯ ಕಪ್ಪು ಬೀರ್. ಅದನ್ನು ವಿಸ್ಕಿ ಖಾಲಿಯಾದ ಮರದ ಪೀಪಾಯಿಯಲ್ಲಿ (ನಮ್ಮ ಕಡೆ ಪಿಂಪ ಅನ್ನುತ್ತಾರೆ) ತಿಂಗಳುಗಟ್ಟಲೆ ಮಾಗಲು ಬಿಟ್ಟು, ಆಮೇಲೆ ಬಾಟಲಿಗೆ ತುಂಬಿ, ಬಾಯಿಗೆ ಕಂದು ಮೇಣ ಹಚ್ಚಿದ್ದರು. ಮಾಮೂಲಿ ಬೀರಿಗಿಂತ ದುಪ್ಪಟ್ಟು ಅಮಲು. ಇಂಥದ್ದನ್ನು ನಾವು ಕಂಡಿರಲೂ ಇಲ್ಲ, ಕೇಳಿರಲೂ ಇಲ್ಲ.

ಲೇಬಲ್ ಮೇಲೆ ಎರಡು ತಾಸು ಜಗಳ ನಡೆಯಿತು.

"ಪಿಂಪದಾಗ ಇಟ್ಟಿದ್ದೀವಿ ಅಂತ ಬರದಾನ. ಎಷ್ಟು ದಿವಸ ಇಟ್ಟಾನ? ಅದನ್ನ್ಯಾಕ ಬರದಿಲ್ಲ?" ಇದು ಕಾಂಬಳೆ.

"ಅರೆ, ಇಷ್ಟು ದೊಡ್ಡ ಕಂಪನಿ ಖೋಟಾ ಬರೀತದೇನು?" ದತ್ತು.

"ನಮ್ಮ ಗಿರಣ್ಯಾಗ ಚಾದರಕ್ಕ 'ಪಕ್ಕಾ ರಂಗ್' ಅಂತ ಲೇಬಲ್ ಹಚ್ಚಾವ ನಾನಽ. ಮನ್ಯಾಗ ನಮ್ಮಾಕಿ ಆ ಚಾದರ ಬ್ಯಾರೆ ಬಕೀಟಿನ್ಯಾಗ ತೊಳೀತಾಳ."

ದತ್ತು ಬಾಟಲಿ ತಿರುಗಿಸಿದ, ಜಗಳ ಮುಂದಿನ ಸಾಲಿಗೆ ಹೋಯಿತು. ಬಾಟಲಿಗೆ ತುಂಬಿದ ತಿಂಗಳು ಹಾಕಿದ್ದಾರೆ, ಕುದಿಸಿದ ತಿಂಗಳು ಯಾಕಿಲ್ಲ? ಪೂರಾ ಬೀರ್ ಪೀಪಾಯಿ ಕಂಡಿದೆಯೋ, ಅರ್ಧ ಮಾತ್ರವೋ? ಕೊನೆಗೆ ನಾನೇ ರಾಜಿ ಮಾಡಿಸಿದೆ. ಇಂಥ ಬೀರ್ ಇಟ್ಟಷ್ಟೂ ಪಕ್ವವಾಗುತ್ತದೆ ಎಂದು ಹಡಗಿನವನು ಹೇಳಿದ್ದನಲ್ಲ, ದೀಪಾವಳಿವರೆಗೆ ಇಟ್ಟು ನೋಡೋಣ ಎಂದೆ.

ಆದರೆ ಇಡುವುದೆಲ್ಲಿ? ಸೋಲಾಪುರದ ಪತ್ರಾಸಿನ ತಗಡು ಹೊದೆಸಿದ ಮನೆಗಳಲ್ಲಿ ಬೇಸಿಗೆಗೆ ನೀರೇ ಕುದಿಯುತ್ತದೆ. ನಮ್ಮನೆಯ ಫ್ರಿಜ್ಜು ಹೆಂಡತಿಯ ಸಾಮ್ರಾಜ್ಯ. ಆಗ ನನಗೆ ಅಕ್ಕಲಕೋಟೆಯ ಭಾವ ನೆನಪಾದರು.

ಭಾವ ಆಯುರ್ವೇದದ ವೈದ್ಯರು. ಅವರ ಔಷಧದ ಕೋಣೆ ಅರ್ಧ ನೆಲದೊಳಗಿದೆ, ದಪ್ಪ ಮಣ್ಣಿನ ಗೋಡೆ, ಮೇ ತಿಂಗಳಲ್ಲೂ ಕಾಲು ತಣ್ಣಗಾಗುತ್ತದೆ. ಬಾಟಲಿ ಒಯ್ಯುವ ಮುಂಚೆ ದತ್ತು ತನ್ನ ಕಾನೂನು ಹೇಳಿದ. ಅವನ ಪ್ರಕಾರ ಬಾಟಲಿ ಎಲ್ಲಿಗೇ ಹೊರಟರೂ ಮೊದಲು ಲೇಬಲ್ ನೆನೆಸಿ ಬಿಚ್ಚಬೇಕು. "ಬಾಟ್ಲಿ ಒಡದ್ರ ಒಡೀಲಿ, ಲೇಬಲ್ ಉಳೀಬೇಕು." ಬಿಸಿನೀರಿನ ಬೋಗುಣಿಯಲ್ಲಿ ಹಾಕಿ, ಹೂವಿನ ಹಾಗೆ ಬಿಡಿಸಿಕೊಂಡ. ನನಗೆ ಉಳಿದದ್ದು ಬೋಳು ಬಾಟಲಿ.

ಭಾವ ಹೋಟೆಲಿನ ನೀರೂ ಮುಟ್ಟದವರು. ಅವರಿಗೆ ಬೀರ್ ಎಂದು ಹೇಳಲಾದೀತೇ? "ನಮ್ಮ ಸಾಹೇಬ್ರ ಔಷಧ, ತಂಪಿನ್ಯಾಗ ಇಡಬೇಕಂತ" ಎಂದೆ. ಸುಳ್ಳು ಸಲೀಸಾಗಿ ಬಂತು. ಅವರು ಮೂಲೆ ತೋರಿಸಿದರು, ಇಟ್ಟು ಬಂದೆ.

ಈಗ ಕೇಳಿ. ಭಾವ ತಮ್ಮ ಅರಿಷ್ಟ, ಅಂದರೆ ಬೇರಿನ ಕಷಾಯ ಹುಳಿಸಿ ಮಾಡಿದ ಔಷಧ, ತುಂಬುವುದು ಗುಜರಿಯವನು ತಂದುಕೊಡುವ ಹಳೇ ಬೀರ್ ಬಾಟಲಿಗಳಲ್ಲೇ. ತೊಳೆದು, ಒಣಗಿಸಿ, ತುಂಬಿ, ಬಾಯಿಗೆ ಮೇಣ ಹಚ್ಚುತ್ತಾರೆ. ಹೆಸರು ಬರೆಯುವುದಿಲ್ಲ. ಯಾವ ಹಲಗೆಯ ಮೇಲೆ ಏನಿದೆ ಎಂದು ಅವರಿಗೆ ಗೊತ್ತು. ರೋಗಿ ಬಂದಾಗಲೇ ಚೀಟಿಯ ಮೇಲೆ ಔಷಧದ ಹೆಸರು, ರೋಗಿಯ ಹೆಸರು ಬರೆದು ಗೋಂದು ಹಚ್ಚಿ ಕೊಡುತ್ತಾರೆ. ಇದನ್ನೆಲ್ಲ ನಾನು ಇಪ್ಪತ್ತು ವರ್ಷದಿಂದ ನೋಡಿದವನು. ಕಣ್ಣಿದ್ದೂ ಕುರುಡ ಎಂದರೆ ಬೇರೆ ಯಾರು?

ಕಾಂಬಳೆಗೆ ದೀಪಾವಳಿವರೆಗೆ ತಾಳ್ಮೆ ಉಳಿಯಲಿಲ್ಲ. "ಬಾಟ್ಲಿ ನಂದು, ಈ ಶನಿವಾರ ತಗೀತೀನಿ" ಎಂದು ಹಟ ಹಿಡಿದ. ಗುರುವಾರ ರಜೆ ಹಾಕಿ ಅಕ್ಕಲಕೋಟೆಗೆ ಹೋದೆ. ಮೂಲೆ ಖಾಲಿ.

ಭಾವ ಬೇರು ತರಲು ವಿಜಾಪುರದ ಕಡೆ ಹೋಗಿದ್ದಾಗ ಹತ್ತಿರದ ಹಳ್ಳಿ ಹನ್ನೂರಿನ ಸಿದ್ದವ್ವ ಬಂದಿದ್ದಳಂತೆ, ಬಾಣಂತಿ ಮಗಳಿಗೆ ದಶಮೂಲಾರಿಷ್ಟ ಕೇಳಿಕೊಂಡು. ಹಲಗೆಯ ಮೇಲಿನದು ಮುಗಿದಿತ್ತು. ಮೂಲೆಯಲ್ಲಿ ಒಂದು ಕಂಡಿತು. ಅದೇ ಬಣ್ಣ, ಅದೇ ಮೇಣ. ಅಕ್ಕ ಚೀಟಿ ಬರೆದು ಅಂಟಿಸಿ ಕೊಟ್ಟಳು. ಎರಡು ಚಮಚ ಮುಂಜಾನೆ, ಎರಡು ಚಮಚ ಸಂಜೆ, ಅಷ್ಟೇ ನೀರು ಬೆರೆಸಿ.

"ಎಷ್ಟು ದಿವಸ ಆತು?" ಎಂದೆ.

"ಒಂಬತ್ತು."

ಭಾವ ಒಳಗೆ ಬೇರು ಕುಟ್ಟುತ್ತಿದ್ದರು. ಹೋಗಿ ಎದುರು ನಿಂತೆ. ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಕೈ ತೊಳೆದು, ಅಂಗಿ ತೊಟ್ಟು, ಹೊಸದಾಗಿ ತುಂಬಿದ ಅರಿಷ್ಟದ ಬಾಟಲಿ ಚೀಲದಲ್ಲಿ ಹಾಕಿಕೊಂಡು ಹೊರಟರು. ನಾನು ಹಿಂದೆ.

ಹನ್ನೂರಿನ ಜೀಪು ತುಂಬುವವರೆಗೆ ಡ್ರೈವರ್ ಬಿಡಲೊಲ್ಲ. ಒಬ್ಬ ಬಂದ, ಇಬ್ಬರು ಬಂದರು, ಒಬ್ಬಳು ಕುರಿಯೊಂದಿಗೆ ಬಂದಳು. ನಾನು ಮತ್ತೆ ಮತ್ತೆ ತಲೆ ಎಣಿಸಿದೆ. ಅಂತೂ ಹೊರಟಾಗ ಭಾವ ಮೊದಲ ಬಾರಿ ಬಾಯಿಬಿಟ್ಟರು.

"ಎಷ್ಟು ಅಮಲಿಂದು ಅದು?"

"ನೂರಕ್ಕ ಹನ್ನೊಂದು."

"ನಮ್ಮ ಅರಿಷ್ಟದಾಗೂ ಸ್ವಲ್ಪ ಇರ್ತದ. ಆಕಿಗೆ ಏನೂ ಆಗ್ಲಿಕ್ಕಿಲ್ಲ. ಆದ್ರ ಕೂಸು ಏಳೂವರಿ ತಿಂಗಳಿಗೆ ಹುಟ್ಟ್ಯದ…" ಅಲ್ಲಿಗೇ ನಿಲ್ಲಿಸಿಬಿಟ್ಟರು.

ಆಗ ನನಗೆ ಒಂದು ನೆನಪಾಯಿತು. ಆ ಲೇಬಲ್ಲಿನ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಗರ್ಭಿಣಿಯರು ಕುಡಿಯಬಾರದು ಎಂಬಂಥದ್ದೇನೋ, ಸರ್ಕಾರದ ಎಚ್ಚರಿಕೆ. ಪೀಪಾಯಿಯ ಬಗ್ಗೆ ಎರಡು ತಾಸು ಕಾದಾಡಿದ ಮೂವರು ಪಂಡಿತರು ಆ ಸಾಲಿನ ಮೇಲೆ ಎರಡು ನಿಮಿಷ ಕಳೆದಿರಲಿಲ್ಲ. ಆಲ್ಬಮಿನ ಪುಟಕ್ಕೆ ಹಿಡಿಸುವುದಿಲ್ಲವೆಂದು ದತ್ತು ಆ ಅಂಚನ್ನು ಕತ್ತರಿಸಿಯೂ ಹಾಕಿದ್ದ. ಗರ್ಭಿಣಿಗೆ ಬೇಡವಾದದ್ದು ಹಾಲೂಡಿಸುವವಳಿಗೆ ಆದೀತೇ? ಯಾರನ್ನು ಕೇಳಲಿ? ಕುರಿಯವಳು ನನ್ನ ಮುಖ ನೋಡಿ, "ಯಾಕ್ರಿ, ವಾಂತಿ ಬರ್ತದೇನು?" ಎಂದು ಕಿಟಕಿ ಬಿಟ್ಟುಕೊಟ್ಟಳು.

ಸಿದ್ದವ್ವನ ಮನೆಯ ಒಳಗೆ ಬಾಣಂತಿಗೆ ಕೊಡುವ ಶೇಕದ ಕೆಂಡದ ಹೊಗೆ ತುಂಬಿತ್ತು. ಸೀರೆಯ ಜೋಳಿಗೆಯಲ್ಲಿ ಕೂಸು ಮಲಗಿತ್ತು. ಅಳುವಿಲ್ಲ, ಮಿಸುಕಾಟವಿಲ್ಲ.

"ಬರ್ರಿ ವೈದ್ಯರ. ಏನು ಔಷಧ ಕೊಟ್ಟೀರಿ ಈ ಸಲ!" ಎಂದಳು ಸಿದ್ದವ್ವ. "ಮುಚ್ಚಳ ತಗದ್ರ ನೊರಿ ಚಿಮ್ಮಿ ಬಂತು. ಭಾರೀ ತಾಕತ್ತಿಂದು ಅಂದೆ. ಮಗಳು ಸುವರ್ಣಾಗ ಬೇಸ ನಿದ್ದಿ ಹತ್ತೇದ. ಕೂಸೂ ಅಷ್ಟಽ, ನೋಡ್ರಿ, ಮುಂಜಾನಿಯಿಂದ ಎದ್ದಿಲ್ಲ."

ಮುಂಜಾನೆಯಿಂದ ಎದ್ದಿಲ್ಲ. ಭಾವ ಜೋಳಿಗೆಯ ಬಳಿ ಮಂಡಿಯೂರಿ, ಕೂಸಿನ ಎದೆಯ ಮೇಲೆ ಕೈಯಿಟ್ಟು, ಅಂಗಾಲಿಗೆ ಉಗುರಿನಿಂದ ಚಿವುಟಿದರು. ಏನೂ ಇಲ್ಲ. ಇನ್ನೊಮ್ಮೆ ಚಿವುಟಿದರು.

ಕೂಸು ಕಿಟಾರನೆ ಚೀರಿತು.

ನಾನು ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಕೂತುಬಿಟ್ಟೆ. ಅದು ಕೆಂಪಗಾಗಿ, ಮುಷ್ಟಿ ಬಿಗಿಹಿಡಿದು ಅತ್ತಿತು. ಸುವರ್ಣಾ ಎತ್ತಿಕೊಂಡಳು. ಹಾಲು ಕುಡಿಯಿತು. ಭಾವ ಅದು ಕುಡಿದು ಮುಗಿಸುವವರೆಗೂ ಗೋಡೆಗೆ ಮುಖ ಮಾಡಿ ನಿಂತು, ಗುಟುಕಿನ ಸದ್ದು ಕೇಳುತ್ತಿದ್ದರು. ಆಮೇಲೆ ತಿರುಗಿ ಹೇಳಿದರು.

"ಸಿದ್ದವ್ವ, ಆ ಬಾಟ್ಲಿ ವಾಪಸ್ ಕೊಡು. ಅದು ಔಷಧ ಅಲ್ಲ. ನನ್ನಿಂದ ತಪ್ಪಾಗ್ಯದ."

"ಮತ್ತ ಏನದ ಅದು?"

ಒಂದು ಸುಳ್ಳು ಸಾಕಿತ್ತು. ನನ್ನ ಬಳಿ ಕೇಳಿದ್ದರೆ ನಾಲ್ಕು ಕೊಡುತ್ತಿದ್ದೆ. ಭಾವ "ಕುಡಿಯೋ ಸೆರೆ" ಎಂದರು.

ಸುವರ್ಣಾ ಕೂಸನ್ನು ಎದೆಯಿಂದ ದೂರ ಸರಿಸಿದಳು. ಭಾವನ ಬಾಯಿಂದ ನನ್ನ ಹೆಸರು ಈಗ ಬಂತು, ಈಗ ಬಂತು ಎಂದು ಕಾದೆ. ಬರಲಿಲ್ಲ. ನಾನಾದರೂ ಎದ್ದು ಹೇಳಿದೆನೇ? ಇಲ್ಲ. ನೆಲ ನೋಡುತ್ತ ಕೂತಿದ್ದೆ.

ಭಾವ ಚೀಲದಿಂದ ನಿಜವಾದ ಅರಿಷ್ಟ ತೆಗೆದು ಮುಂದಿಟ್ಟರು. ಸಿದ್ದವ್ವ ಮುಟ್ಟಲಿಲ್ಲ. ಅವಳ ಮೂರು ಹೆರಿಗೆಗೂ ಔಷಧ ಕೊಟ್ಟದ್ದು ಈ ಕೈಯೇ. ಒಂದು ದಿನವೂ ಏನು, ಯಾಕೆ ಎಂದು ಕೇಳಿದವಳಲ್ಲ. ಈಗ ಒಳಗೆ ಹೋಗಿ ಒಂದು ಚಮಚ ತಂದು ಅವರ ಮುಂದೆ ಹಿಡಿದಳು.

"ಸಿಟ್ಟಾಗಬ್ಯಾಡ್ರಿ ವೈದ್ಯರ. ಮೊದ್ಲು ನೀವು ಕುಡೀರಿ."

ಭಾವ ಕುಡಿದರು.

ವಾಪಸ್ಸಿನ ಜೀಪಿನಲ್ಲಿ "ನನ್ನ ಹೆಸರು ಯಾಕ ಹೇಳ್ಲಿಲ್ಲ ಭಾವಜಿ?" ಎಂದೆ. "ಬಾಟ್ಲಿಗೆ ಹಚ್ಚಿದ ಚೀಟಿ ನಮ್ಮ ಮನೀದು" ಎಂದರು, ಅಷ್ಟೇ. ಉಳಿದ ಬೀರನ್ನು ಅವರ ಎದುರಿಗೇ ಗಟಾರಿಗೆ ಸುರಿದೆ. ಕಾಂಬಳೆ ಹದಿನೈದು ದಿನ ಮಾತು ಬಿಟ್ಟ. ಲೇಬಲ್ ದತ್ತುವಿನ ಆಲ್ಬಮಿನಲ್ಲಿ ಸುಖವಾಗಿದೆ.

ಕೂಸು ಚೆನ್ನಾಗಿದೆ. ವಾರಕ್ಕೊಮ್ಮೆ ವಿಚಾರಿಸುತ್ತೇನೆ, ತೂಕವೂ ಏರುತ್ತಿದೆ. ಆದರೆ ಸುದ್ದಿಗೆ ಜೀಪು ತುಂಬುವವರೆಗೆ ಕಾಯುವ ಗರಜಿಲ್ಲ. ವಾರದೊಳಗೆ ಮೈಂದರ್ಗಿ ಊರನ್ನೂ ಮುಟ್ಟಿತ್ತು. ಸಿದ್ದವ್ವನ ಮನೆಯಲ್ಲಿ ಓದಲು ಬರುವುದು ಸುವರ್ಣಾ ಒಬ್ಬಳಿಗೇ, ಅವಳು ಕಲಿತದ್ದು ಮರಾಠಿ ಸಾಲೆಯಲ್ಲಿ. ಈ ಕನ್ನಡ ಅಂಕಣ ಅವಳ ಕಣ್ಣಿಗೆ ಬೀಳುವುದಿಲ್ಲ. ಆ ಧೈರ್ಯದ ಮೇಲೆ ಇಲ್ಲಿ ತಪ್ಪೊಪ್ಪಿಕೊಳ್ಳುತ್ತಿದ್ದೇನೆ. ಇದು ಎಂಥ ಧೈರ್ಯ ಎಂದು ನನಗೂ ಗೊತ್ತು.

ಈಗ ಅಕ್ಕಲಕೋಟೆಯ ಆ ತಣ್ಣನೆ ಕೋಣೆಗೆ ಔಷಧಕ್ಕೆ ಬರುವವರು ಮನೆಯಿಂದಲೇ ಒಂದು ಚಮಚ ತರುತ್ತಾರೆ. ಭಾವ ಪ್ರತಿ ಬಾಟಲಿಯ ಮೇಣ ಒಡೆದು, ಅವರೆದುರಿಗೆ ಮೊದಲು ತಾವು ಕುಡಿದು ತೋರಿಸಿ, ಆಮೇಲೆ ಚೀಟಿ ಅಂಟಿಸುತ್ತಾರೆ.

ಹೇಳಿ, ಆ ಚಮಚಕ್ಕೆ ಬಾಯಿ ತೆರೆಯಬೇಕಾದವರು ಯಾರು?